‘ರೆವಲ್ಯೂಷನ್’: ಒಂದು ಶಬ್ದದ ಅರ್ಥಸಂಚಾರ

ಇತಿಹಾಸದ ಅಧ್ಯಾಪಕರು ದಿನವೂ ಬಳಸುವ ಶಬ್ದಗಳಲ್ಲಿ ಇಂಗ್ಲಿಷಿನ ‘ರೆವಲ್ಯೂಷನ್’ ಎಂಬುದೊಂದು. ಕನ್ನಡದಲ್ಲಿ ಅದಕ್ಕೆ ‘ಕ್ರಾಂತಿ’ ಎಂಬ ಪ್ರತಿಶಬ್ದವು ರೂಢವಾಗಿದೆ. ಶಬ್ದವು ತೀರ ಪರಿಚಿತವಾದುದೆಂಬ ಕಾರಣದಿಂದಲೇ ಅದರ ಅರ್ಥವನ್ನು ವಿಚಾರಿಸುವ ಗೋಜಿಗೆ ನಾವು ಸಾಮಾನ್ಯವಾಗಿ ಹೋಗುವುದಿಲ್ಲ. ಫ್ರಾನ್ಸಿನ ಕ್ರಾಂತಿ, ಕೈಗಾರಿಕಾ ಕ್ರಾಂತಿ, ವೈಜ್ಞಾನಿಕ ಕ್ರಾಂತಿ, ಹಸಿರು ಕ್ರಾಂತಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಈ ನಾಲ್ಕರಲ್ಲಿಯೂ ಶಬ್ದವು ಒಂದೇ ಅರ್ಥವನ್ನು ಕೊಡುತ್ತದೆಯೇ ಎಂದು ಕೇಳಿಕೊಳ್ಳುವುದಿಲ್ಲ.

ಕೆಲಕಾಲದ ಹಿಂದೆ ಪದವಿ ತರಗತಿಯಲ್ಲಿ ೧೬೮೮ರ ಇಂಗ್ಲೆಂಡಿನ ಕ್ರಾಂತಿಯನ್ನು ಬೋಧಿಸುತ್ತಿದ್ದಾಗ, ಸುಳ್ಯದ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. “ಇಂಗ್ಲೆಂಡಿನಲ್ಲಿ ಒಬ್ಬ ಅರಸ ಓಡಿಹೋಗಿ ಇನ್ನೊಬ್ಬ ಅರಸ ಬಂದದ್ದು ಕ್ರಾಂತಿ ಎನ್ನುತ್ತೀರಿ ಸರ್. ನಮ್ಮ ಊರಿನ ರೈತರು ಗುಂಪು ಕಟ್ಟಿಕೊಂಡು ಮಂಗಳೂರಿನವರೆಗೆ ಹೋಗಿ ಕುಂಪಣಿಯವರನ್ನು ಓಡಿಸಿದ್ದನ್ನು ನಮ್ಮ ಅಜ್ಜ ‘ಕಾಟಕಾಯಿ’ ಅಂತಲೇ ಹೇಳುತ್ತಿದ್ದರು. ಅರಸ ಬದಲಾದರೆ ಕ್ರಾಂತಿ, ಜನ ಎದ್ದರೆ ಕಳ್ಳತನವೇ?” ಎಂಬುದು ಅವನ ಪ್ರಶ್ನೆ. ಅಂದು ನಾವು ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹೇಳಬೇಕಾದರೆ ಮೊದಲು ‘ರೆವಲ್ಯೂಷನ್’ ಎಂಬ ಶಬ್ದವು ಯಾವ ಯಾವ ಕಾಲದಲ್ಲಿ ಯಾವ ಯಾವ ಅರ್ಥವನ್ನು ಹೊತ್ತು ನಡೆಯಿತು ಎಂಬುದನ್ನು ತಿಳಿಯಬೇಕು. ಪ್ರಸ್ತುತ ಲೇಖನದ ಉದ್ದೇಶವು ಇಷ್ಟೇ.

೧. ಆಕಾಶದಲ್ಲಿ ಹುಟ್ಟಿದ ಶಬ್ದ

‘ರೆವಲ್ಯೂಷನ್’ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ರೆವೊಲ್ವೆರೆ’ ಎಂಬ ಧಾತು. ಹಿಂದಕ್ಕೆ ಉರುಳು, ಮರಳಿ ಸುತ್ತು ಎಂಬುದು ಅದರ ಅರ್ಥ. ಇದೇ ಕುಲಕ್ಕೆ ಸೇರಿದ ಶಬ್ದಗಳು ಇಂಗ್ಲಿಷಿನಲ್ಲಿ ಅನೇಕ ಉಂಟು. ಸುರುಳಿ ಸುತ್ತಿದ ಹಸ್ತಪ್ರತಿಯಿಂದ ಬಂದುದು ಸಂಪುಟವೆಂಬ ಅರ್ಥದ ‘ವಾಲ್ಯೂಮ್’. ಸುರುಳಿ ಬಿಚ್ಚುವಂತೆ ಕ್ರಮವಾಗಿ ತೆರೆದುಕೊಳ್ಳುವುದು ‘ಎವಲ್ಯೂಷನ್’. ಗುಂಡಿನ ಗೂಡು ಸುತ್ತುವ ಪಿಸ್ತೂಲು ‘ರಿವಾಲ್ವರ್’. ದಂಗೆಯೆಂಬ ಅರ್ಥದ ‘ರಿವೋಲ್ಟ್’ ಶಬ್ದವೂ ಇದೇ ಬೇರಿನಿಂದ ಬಂದುದು. ವಿಕಾಸ ಮತ್ತು ಕ್ರಾಂತಿಗಳನ್ನು ಪರಸ್ಪರ ವಿರುದ್ಧವೆಂಬಂತೆ ಇಂದು ಎದುರುಬದುರು ನಿಲ್ಲಿಸುವ ವಾಡಿಕೆಯಿದೆ. ಇಂಗ್ಲಿಷಿನಲ್ಲಿ ಅವೆರಡೂ ಒಂದೇ ತಾಯಿಯ ಮಕ್ಕಳೆಂಬುದನ್ನು ಗಮನಿಸಬೇಕು.

ಮಧ್ಯಯುಗದ ಕೊನೆಯಲ್ಲಿ ಈ ಶಬ್ದವು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷನ್ನು ಹೊಕ್ಕಾಗ ಅದು ಖಗೋಳಶಾಸ್ತ್ರದ ಶಬ್ದವಾಗಿದ್ದಿತು. ಗ್ರಹವೊಂದು ತನ್ನ ಪಥದಲ್ಲಿ ಸುತ್ತಿ ಹೊರಟ ಸ್ಥಾನಕ್ಕೆ ಮರಳುವುದೇ ಅದರ ‘ರೆವಲ್ಯೂಷನ್’. ೧೫೪೩ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಕೊಪರ್ನಿಕಸನ ಮಹಾಗ್ರಂಥದ ಹೆಸರಿನಲ್ಲಿ ಈ ಶಬ್ದವಿರುವುದು ಇದೇ ಅರ್ಥದಲ್ಲಿ: ಆಕಾಶಗೋಳಗಳ ಪರಿಭ್ರಮಣಗಳನ್ನು ಕುರಿತದ್ದು ಆ ಗ್ರಂಥ. ಇದನ್ನು ‘ಆಕಾಶಗೋಳಗಳ ಕ್ರಾಂತಿ’ ಎಂದು ಉತ್ತರಪತ್ರಿಕೆಗಳಲ್ಲಿ ಬರೆದಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ವಿದ್ಯಾರ್ಥಿಗಳನ್ನು ಮಾತ್ರ ದೂರುವಂತಿಲ್ಲ. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಶಬ್ದವೆಂದು ಕಲಿಸಿದವರು ನಾವೇ.

ಈ ಮೂಲಾರ್ಥವು ಇಂದಿಗೂ ಅಳಿದಿಲ್ಲ. ಭೂಮಿಯು ಸೂರ್ಯನನ್ನು ಸುಮಾರು ೩೬೫¼ ದಿನಗಳಲ್ಲಿ ಒಂದು ಬಾರಿ ಸುತ್ತುವುದನ್ನು ಭೂಗೋಳಶಾಸ್ತ್ರದಲ್ಲಿ ಇದೇ ಶಬ್ದದಿಂದ ಹೆಸರಿಸುತ್ತಾರೆ; ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದಕ್ಕೆ ಬೇರೆ ಶಬ್ದವಾದ ‘ರೊಟೇಷನ್’ ಎಂಬುದನ್ನು ಇಟ್ಟಿದ್ದಾರೆ. ಆದರೆ ಯಂತ್ರಶಾಸ್ತ್ರದಲ್ಲಿ ಈ ಭೇದವು ನಿಲ್ಲುವುದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯು ನಿಮಿಷಕ್ಕೆ ೭೮ ಬಾರಿ ಸುತ್ತುತ್ತಿದ್ದುದು ತನ್ನ ಅಕ್ಷದ ಮೇಲೆಯೇ. ಆದರೂ ಆ ಸುತ್ತುಗಳ ಹೆಸರು ‘ರೆವಲ್ಯೂಷನ್’. ಯಂತ್ರದ ವೇಗವನ್ನು ಹೇಳುವಾಗ ಇಂದಿಗೂ ಹೀಗೆಯೇ ಎಣಿಸುತ್ತಾರೆ. ಮೊದಲನೆಯದು ಪ್ರದಕ್ಷಿಣೆ, ಎರಡನೆಯದು ಬರಿಯ ಸುತ್ತು. ಕನ್ನಡದಲ್ಲಿ ಇವೆರಡಕ್ಕೂ ‘ಪರಿಭ್ರಮಣ’, ‘ಸುತ್ತು’ ಎಂಬ ಬೇರೆ ಬೇರೆ ಶಬ್ದಗಳಿರುವುದು ನಮ್ಮ ಭಾಗ್ಯವೆಂದೇ ಹೇಳಬೇಕು.

೨. ಆಕಾಶದಿಂದ ಅರಮನೆಗೆ

ಗ್ರಹಗಳ ಗತಿಯು ಮನುಷ್ಯರ ಭಾಗ್ಯವನ್ನು ಆಳುತ್ತದೆಂಬ ನಂಬಿಕೆ ಯುರೋಪಿನಲ್ಲಿಯೂ ಬಲವಾಗಿದ್ದಿತು. ಆದುದರಿಂದ ಗ್ರಹಗಳ ಸುತ್ತನ್ನು ಹೇಳುವ ಶಬ್ದವು ರಾಜ್ಯಗಳ ಏಳುಬೀಳುಗಳಿಗೂ ಹತ್ತಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಇಟಲಿಯ ನಗರರಾಜ್ಯಗಳಲ್ಲಿ ಈ ಬಳಕೆ ಮೊದಲು ಕಾಣಬರುತ್ತದೆ. ಹದಿನೇಳನೆಯ ಶತಮಾನದ ಹೊತ್ತಿಗೆ ಅದು ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಸಾಮಾನ್ಯವಾಯಿತು. ಆದರೆ ಆ ಕಾಲದಲ್ಲಿ ರಾಜ್ಯದ ‘ರೆವಲ್ಯೂಷನ್’ ಎಂದರೆ ಜನರ ಹೋರಾಟವೆಂದಾಗಲಿ ಹೊಸ ಸಮಾಜದ ನಿರ್ಮಾಣವೆಂದಾಗಲಿ ಅರ್ಥವಿರಲಿಲ್ಲ. ಭಾಗ್ಯಚಕ್ರವು ತಿರುಗಿತು, ಮೇಲಿದ್ದವನು ಕೆಳಗಾದನು, ಕೆಳಗಿದ್ದವನು ಮೇಲಾದನು ಎಂಬಷ್ಟೇ ಅದರ ತಾತ್ಪರ್ಯ.

ಇದಕ್ಕೆ ಉತ್ತಮವಾದ ಉದಾಹರಣೆಯು ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. ಮೊಗಲ್ ಸಾಮ್ರಾಜ್ಯದಲ್ಲಿ ಹಲವು ವರ್ಷ ಇದ್ದು ಹಿಂದಿರುಗಿದ ಫ್ರೆಂಚ್ ವೈದ್ಯ ಬರ್ನಿಯೆಯು ೧೬೭೦ರಲ್ಲಿ ಪ್ಯಾರಿಸಿನಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಮೊಗಲ್ ರಾಜ್ಯಗಳ ಇತ್ತೀಚಿನ ‘ರೆವಲ್ಯೂಷನ್’ನ ಚರಿತ್ರೆ ಎಂಬುದು ಅದರ ಹೆಸರು. ಮರುವರ್ಷವೇ ಅದರ ಇಂಗ್ಲಿಷ್ ಅನುವಾದವೂ ಹೊರಬಂದಿತು. ಅದರಲ್ಲಿ ವರ್ಣಿತವಾಗಿರುವ ‘ರೆವಲ್ಯೂಷನ್’ ಯಾವುದೆಂದರೆ ಷಹಜಹಾನನ ಮಕ್ಕಳ ನಡುವೆ ನಡೆದ ಸಿಂಹಾಸನದ ಯುದ್ಧ. ಔರಂಗಜೇಬನು ತಂದೆಯನ್ನು ಸೆರೆಯಲ್ಲಿಟ್ಟು ಅಣ್ಣನನ್ನು ಕೊಲ್ಲಿಸಿ ಪಟ್ಟವೇರಿದುದನ್ನು ಇಂದಿನ ಯಾವ ಅಧ್ಯಾಪಕನೂ ಕ್ರಾಂತಿಯೆಂದು ಕರೆಯಲಾರನು. ಹಾಗೆಯೇ ಪ್ಲಾಸಿಯ ಸಂಚಿನಲ್ಲಿ ಮುಖ್ಯ ಪಾತ್ರ ವಹಿಸಿದ ವಿಲಿಯಂ ವಾಟ್ಸನು ೧೭೬೦ರಲ್ಲಿ ಪ್ರಕಟಿಸಿದ ನೆನಪುಗಳಿಗೆ ಬಂಗಾಳದ ‘ರೆವಲ್ಯೂಷನ್’ನ ನೆನಪುಗಳೆಂದು ಹೆಸರಿಟ್ಟನು. ಸಿರಾಜ್-ಉದ್-ದೌಲನನ್ನು ಇಳಿಸಿ ಮೀರ್ ಜಾಫರನನ್ನು ಕೂರಿಸಿದ್ದೇ ಆ ‘ರೆವಲ್ಯೂಷನ್’. ಹದಿನೆಂಟನೆಯ ಶತಮಾನದ ಕುಂಪಣಿ ಕಾಗದಪತ್ರಗಳನ್ನು ಓದುವ ಸಂಶೋಧನ ವಿದ್ಯಾರ್ಥಿಗಳು ಈ ಶಬ್ದವನ್ನು ಕಂಡಲ್ಲೆಲ್ಲ ‘ಗದ್ದುಗೆ ಬದಲಾವಣೆ’ ಎಂದು ಓದಿಕೊಂಡರೆ ಬಹುಮಟ್ಟಿಗೆ ತಪ್ಪಾಗದು.

ಇಂಗ್ಲೆಂಡಿನ ವಿಷಯವನ್ನು ನೋಡೋಣ. ೧೬೪೨ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವಾರಂಭವಾಗಿ, ೧೬೪೯ರಲ್ಲಿ ಒಂದನೆಯ ಚಾರ್ಲ್ಸನ ಶಿರಚ್ಛೇದವಾಗಿ, ಅರಸೊತ್ತಿಗೆಯೇ ರದ್ದಾಯಿತು. ಇಂದಿನ ನಮ್ಮ ಎಣಿಕೆಯಲ್ಲಿ ಕ್ರಾಂತಿಯೆಂದರೆ ಇದೇ. ಆದರೆ ಆ ಘಟನೆಗಳ ಚರಿತ್ರೆಯನ್ನು ಬರೆದ ಕ್ಲ್ಯಾರೆಂಡನ್ ಪ್ರಭುವು ಅದನ್ನು ‘ರೆಬೆಲಿಯನ್’, ಅಂದರೆ ರಾಜದ್ರೋಹದ ದಂಗೆ, ಎಂದು ಕರೆದನು. ತತ್ತ್ವಜ್ಞಾನಿ ಹಾಬ್ಸನು ‘ರೆವಲ್ಯೂಷನ್’ ಶಬ್ದವನ್ನು ಬಳಸಿದನು ನಿಜ, ಆದರೆ ಹೇಗೆ? ಅಧಿಕಾರವು ಒಂದನೆಯ ಚಾರ್ಲ್ಸನಿಂದ ಪಾರ್ಲಿಮೆಂಟಿಗೆ, ಪಾರ್ಲಿಮೆಂಟಿನಿಂದ ಕ್ರಾಮ್‌ವೆಲ್ಲನಿಗೆ, ಅಲ್ಲಿಂದ ಮತ್ತೆ ಪಾರ್ಲಿಮೆಂಟಿಗೆ, ಕೊನೆಗೆ ೧೬೬೦ರಲ್ಲಿ ಎರಡನೆಯ ಚಾರ್ಲ್ಸನಿಗೆ ಬಂದು ಸೇರಿತಲ್ಲ, ಆ ಪೂರ್ಣವೃತ್ತವೇ ಅವನ ‘ರೆವಲ್ಯೂಷನ್’. ಅರಸನನ್ನು ಕೊಂದುದಕ್ಕೆ ಆ ಹೆಸರು ಸಲ್ಲಲಿಲ್ಲ; ಅರಸೊತ್ತಿಗೆಯು ಮರಳಿ ಬಂದಾಗ ಸುತ್ತು ಪೂರ್ಣವಾಯಿತೆಂದು ಅವನು ಎಣಿಸಿದನು.

೧೬೮೮ರ ಘಟನೆಗೆ ಈ ಹೆಸರು ಬಂದುದನ್ನೂ ಈ ಹಿನ್ನೆಲೆಯಲ್ಲಿಯೇ ತಿಳಿಯಬೇಕು. ನವೆಂಬರಿನಲ್ಲಿ ಆರೆಂಜಿನ ವಿಲಿಯಂ ಸೈನ್ಯದೊಡನೆ ಇಂಗ್ಲೆಂಡಿನ ದಡವನ್ನು ಹತ್ತಿದನು. ಡಿಸೆಂಬರಿನಲ್ಲಿ ಎರಡನೆಯ ಜೇಮ್ಸನು ಫ್ರಾನ್ಸಿಗೆ ಓಡಿದನು. ೧೬೮೯ರಲ್ಲಿ ವಿಲಿಯಂ ಮತ್ತು ಮೇರಿಯರು ಪಟ್ಟಕ್ಕೆ ಬಂದರು, ಹಕ್ಕುಗಳ ಶಾಸನವು ಅಂಗೀಕೃತವಾಯಿತು. ಇದನ್ನು ನಡೆಸಿದವರು ತಾವು ಹೊಸದೇನನ್ನೂ ಮಾಡುತ್ತಿಲ್ಲವೆಂದೂ, ಜೇಮ್ಸನು ಕೆಡಿಸಿದ ಪುರಾತನ ಹಕ್ಕುಗಳನ್ನು ಮರಳಿ ಸ್ಥಾಪಿಸುತ್ತಿರುವೆವೆಂದೂ ಸಾಧಿಸಿದರು. ಮರಳುವಿಕೆ ಎಂಬ ಅರ್ಥವಿದ್ದುದರಿಂದಲೇ ‘ರೆವಲ್ಯೂಷನ್’ ಎಂಬುದು ಅವರಿಗೆ ಮಾನ್ಯವಾದ ಹೆಸರಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ರಕ್ತರಹಿತ ಕ್ರಾಂತಿ’ ಎಂಬ ಹೆಸರೂ ಉಂಟು. ಇಂಗ್ಲೆಂಡಿನ ಮಟ್ಟಿಗೆ ಅದು ಬಹುಪಾಲು ಸತ್ಯ. ಆದರೆ ೧೬೮೯ರಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿಯಲ್ಲಿಯೂ ೧೬೯೦ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿಯೂ ಹರಿದ ರಕ್ತವನ್ನು ಈ ವಿಶೇಷಣವು ಮರೆಮಾಡುತ್ತದೆ.

೩. ಹೊಸ ಅರ್ಥದ ಜನನ

ಶಬ್ದದ ಬಾಳಿನಲ್ಲಿ ದೊಡ್ಡ ತಿರುವು ಬಂದುದು ೧೭೮೯ರಲ್ಲಿ. ಜುಲೈ ೧೪ರಂದು ಪ್ಯಾರಿಸಿನ ಜನರು ಬಾಸ್ಟಿಲ್ ಕೋಟೆಯನ್ನು ಹಿಡಿದ ಸುದ್ದಿಯನ್ನು ಸರದಾರನೊಬ್ಬನು ಹದಿನಾರನೆಯ ಲೂಯಿಗೆ ತಿಳಿಸಿದಾಗ, ಇದೇನು ದಂಗೆಯೇ ಎಂದು ಅರಸನು ಕೇಳಿದನೆಂದೂ, ದಂಗೆಯಲ್ಲ, ‘ರೆವಲ್ಯೂಷನ್’ ಎಂದು ಆ ಸರದಾರನು ಉತ್ತರಿಸಿದನೆಂದೂ ಒಂದು ಪ್ರಸಿದ್ಧ ಐತಿಹ್ಯವಿದೆ. ಅದು ನಡೆದ ಸಂಗತಿಯೋ ಅಲ್ಲವೋ, ಎರಡು ಶಬ್ದಗಳ ಅಂತರವನ್ನು ಅದು ಚೆನ್ನಾಗಿ ತೋರಿಸುತ್ತದೆ. ದಂಗೆಯನ್ನು ಸೈನ್ಯವು ಅಡಗಿಸಬಲ್ಲುದು. ಗ್ರಹಗತಿಯಂತೆ ತಡೆಯಲಾಗದುದು ಮತ್ತೊಂದು. ಹಳೆಯ ಖಗೋಳಾರ್ಥದ ಅನಿವಾರ್ಯತೆಯು ಹೊಸ ರಾಜಕೀಯಾರ್ಥಕ್ಕೆ ಹೀಗೆ ಬಳುವಳಿಯಾಗಿ ಬಂದಿತು.

ಆದರೂ ಹೊಸ ಅರ್ಥವು ಒಂದೇ ದಿನದಲ್ಲಿ ನೆಲೆಯೂರಲಿಲ್ಲ. ಆ ಜುಲೈ ತಿಂಗಳಿನಲ್ಲಿಯೇ ಪ್ಯಾರಿಸಿನಲ್ಲಿ ಆರಂಭವಾದ ಒಂದು ಪ್ರಸಿದ್ಧ ವಾರಪತ್ರಿಕೆಯ ಹೆಸರು ‘ಪ್ಯಾರಿಸಿನ ರೆವಲ್ಯೂಷನ್‌ಗಳು’ ಎಂದು ಬಹುವಚನದಲ್ಲಿದ್ದಿತು. ಒಂದರ ಮೇಲೊಂದು ಬರುವ ಪಲ್ಲಟಗಳು ಎಂಬ ಹಳೆಯ ಭಾವನೆ ಅದರಲ್ಲಿ ಉಳಿದುಕೊಂಡಿದೆ. ಮುಂದೆ ಅದು ಏಕವಚನವಾಗಿ, ತನಗೇ ಒಂದು ವ್ಯಕ್ತಿತ್ವವುಳ್ಳ ಶಕ್ತಿಯಂತೆ ತೋರತೊಡಗಿತು. ಕ್ರಾಂತಿಗೆ ಶತ್ರುಗಳಿದ್ದಾರೆ, ಕ್ರಾಂತಿಗೆ ನ್ಯಾಯಾಲಯ ಬೇಕು, ಕ್ರಾಂತಿಯನ್ನು ಕಾಪಾಡಬೇಕು ಎಂಬ ಮಾತುಗಳು ಹುಟ್ಟಿದವು. ‘ಕ್ರಾಂತಿಕಾರಿ’, ‘ಪ್ರತಿಕ್ರಾಂತಿ’ ಎಂಬ ಅರ್ಥದ ಶಬ್ದಗಳು ಬಳಕೆಗೆ ಬಂದುದೂ ಈ ಕಾಲದಲ್ಲಿಯೇ. ಹಿಂದಕ್ಕೆ ಮರಳುವುದೆಂಬ ಅರ್ಥವು ಅಳಿಸಿಹೋಗಿ, ಹಿಂದೆಂದೂ ಇಲ್ಲದುದನ್ನು ಕಟ್ಟುವುದೆಂಬ ಅರ್ಥವು ನಿಂತಿತು. ೧೭೯೩ರಲ್ಲಿ ಅಂಗೀಕೃತವಾದ ಹೊಸ ಪಂಚಾಂಗವು ಕಾಲಗಣನೆಯನ್ನೇ ಮೊದಲಿನಿಂದ ಆರಂಭಿಸಿತು. ಗಣರಾಜ್ಯದ ಒಂದನೆಯ ವರ್ಷವು ೧೭೯೨ರ ಸೆಪ್ಟೆಂಬರ್ ೨೨ರಿಂದ ಮೊದಲಾಯಿತು. ಆ ದಿನವು ಶರತ್ಕಾಲದ ವಿಷುವದಿನವೂ ಆಗಿದ್ದುದನ್ನು ಪಂಚಾಂಗಕರ್ತರು ಹೆಮ್ಮೆಯಿಂದ ಎತ್ತಿ ತೋರಿಸಿದರು. ಆಕಾಶವನ್ನು ಬಿಟ್ಟು ಬಂದ ಶಬ್ದವು ಹೀಗೆ ಆಕಾಶದ ಕಡೆಗೆ ಇನ್ನೊಮ್ಮೆ ಕಣ್ಣೆತ್ತಿ ನೋಡಿತು.

ಎರಡು ಅರ್ಥಗಳ ಘರ್ಷಣೆಯು ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ನಡೆಯಿತು. ೧೭೮೯ರ ನವೆಂಬರಿನಲ್ಲಿ, ೧೬೮೮ರ ಸ್ಮರಣೆಗಾಗಿಯೇ ಇದ್ದ ಒಂದು ಸಂಘದ ಮುಂದೆ ಪಾದ್ರಿ ರಿಚರ್ಡ್ ಪ್ರೈಸನು ಉಪನ್ಯಾಸ ಮಾಡಿ, ಫ್ರಾನ್ಸಿನಲ್ಲಿ ನಡೆಯುತ್ತಿರುವುದು ಇಂಗ್ಲೆಂಡಿನ ಕಾರ್ಯದ ಮುಂದುವರಿಕೆಯೆಂದು ಅದನ್ನು ಸ್ವಾಗತಿಸಿದನು. ಮರುವರ್ಷ ಎಡ್ಮಂಡ್ ಬರ್ಕನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಖಂಡಿಸಿ, ೧೬೮೮ರಲ್ಲಿ ಇಂಗ್ಲೆಂಡು ತನ್ನ ಹಳೆಯ ಮನೆಯನ್ನು ದುರಸ್ತಿ ಮಾಡಿಕೊಂಡಿತು, ಫ್ರಾನ್ಸು ಮನೆಯನ್ನೇ ಕೆಡವುತ್ತಿದೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ಇಬ್ಬರ ಬಾಯಲ್ಲಿಯೂ ಶಬ್ದವೊಂದೇ. ಅದರೊಳಗಿನ ವಸ್ತು ಬೇರೆ ಬೇರೆ.

ಅಂದಿನಿಂದ ಇತಿಹಾಸಕಾರರು ಹೊಸ ಅರ್ಥವನ್ನು ಹಿಂದಿನ ಕಾಲಕ್ಕೂ ಒಯ್ದರು. ಕ್ಲ್ಯಾರೆಂಡನನು ದಂಗೆಯೆಂದು ಕರೆದುದನ್ನು ಫ್ರೆಂಚ್ ಚರಿತ್ರಕಾರ ಗಿಜೋ ೧೮೨೬ರಲ್ಲಿ ‘ಇಂಗ್ಲೆಂಡಿನ ಕ್ರಾಂತಿ’ ಎಂದು ಕರೆದನು. ಗಾರ್ಡಿನರನು ‘ಪ್ಯೂರಿಟನ್ ಕ್ರಾಂತಿ’ ಎಂದನು. ಕ್ರಿಸ್ಟೊಫರ್ ಹಿಲ್ಲನು ೧೯೪೦ರಲ್ಲಿ ವರ್ಗಸಂಘರ್ಷದ ದೃಷ್ಟಿಯಿಂದ ಅದನ್ನು ‘ಇಂಗ್ಲಿಷ್ ಕ್ರಾಂತಿ’ಯೆಂದೇ ವಿವರಿಸಿದನು. ಘಟನೆ ಒಂದೇ, ಹೆಸರು ಬದಲಾದಂತೆ ಅದರ ಮೇಲಿನ ತೀರ್ಪೂ ಬದಲಾಯಿತು.

೪. ಅರ್ಥದ ವಿಸ್ತಾರ

ಹತ್ತೊಂಬತ್ತನೆಯ ಶತಮಾನದಿಂದ ಈ ಶಬ್ದವು ರಾಜಕೀಯದ ಎಲ್ಲೆಯನ್ನು ದಾಟಿತು. ಉತ್ಪಾದನೆಯ ಕ್ಷೇತ್ರದಲ್ಲಿ ಆದ ಬದಲಾವಣೆಯು ಫ್ರಾನ್ಸಿನ ಕ್ರಾಂತಿಯಷ್ಟೇ ಗಂಭೀರವಾದುದೆಂಬ ಹೋಲಿಕೆಯಿಂದ ‘ಕೈಗಾರಿಕಾ ಕ್ರಾಂತಿ’ ಎಂಬ ಮಾತು ಮೊದಲು ಫ್ರೆಂಚ್ ಲೇಖಕರಲ್ಲಿ ಹುಟ್ಟಿತು. ಇಂಗ್ಲಿಷಿನಲ್ಲಿ ಅದನ್ನು ನೆಲೆಗೊಳಿಸಿದುದು ೧೮೮೪ರಲ್ಲಿ ಮರಣೋತ್ತರವಾಗಿ ಅಚ್ಚಾದ ಆರ್ನಲ್ಡ್ ಟಾಯ್ನ್‌ಬಿಯ ಉಪನ್ಯಾಸಗಳು. (ನಾಗರಿಕತೆಗಳ ಅಧ್ಯಯನವನ್ನು ಬರೆದ ಟಾಯ್ನ್‌ಬಿಯು ಈತನ ತಮ್ಮನ ಮಗ, ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬನೇ ಎಂದು ಭಾವಿಸುವುದುಂಟು.) ಆದರೆ ಈ ಕ್ರಾಂತಿಗೆ ದಿನಾಂಕವಿಲ್ಲ, ನಾಯಕನಿಲ್ಲ, ಪ್ರಣಾಳಿಕೆಯಿಲ್ಲ. ೧೯೪೮ರಲ್ಲಿ ಇದೇ ವಿಷಯವನ್ನು ಕುರಿತು ಪುಸ್ತಕ ಬರೆದ ಆಶ್ಟನ್ ಮಹಾಶಯನು, ಆರ್ಥಿಕ ಬದಲಾವಣೆಯು ಹಠಾತ್ತಾಗಿ ನಡೆಯುವಂಥದಲ್ಲವಾದುದರಿಂದ ಈ ಹೆಸರು ಪೂರ್ತಿಯಾಗಿ ಸಲ್ಲದೆಂದು ಹೇಳಿಯೂ, ಅದು ರೂಢವಾಗಿಬಿಟ್ಟಿರುವುದರಿಂದ ಅದನ್ನೇ ಉಳಿಸಿಕೊಂಡನು. ೧೯೮೫ರಲ್ಲಿ ಕ್ರಾಫ್ಟ್ಸ್ ಎಂಬ ಅರ್ಥಶಾಸ್ತ್ರಜ್ಞನು ಮಂಡಿಸಿದ ಲೆಕ್ಕಗಳು ಆ ಕಾಲದ ಬ್ರಿಟನ್ನಿನ ಬೆಳವಣಿಗೆಯು ಹಿಂದೆ ತಿಳಿದಿದ್ದುದಕ್ಕಿಂತ ನಿಧಾನವಾಗಿದ್ದಿತೆಂದು ತೋರಿಸಿವೆ. ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡನು ೧೯೩೬ರಲ್ಲಿ ಬೇಸಾಯದ ಆರಂಭವನ್ನು ‘ನವಶಿಲಾಯುಗದ ಕ್ರಾಂತಿ’ಯೆಂದು ಕರೆದನು, ಅದು ಸಾವಿರಾರು ವರ್ಷಗಳ ಕಾಲ ನಡೆದ ಪ್ರಕ್ರಿಯೆ. ಇಲ್ಲೆಲ್ಲ ‘ಕ್ರಾಂತಿ’ಯೆಂದರೆ ವೇಗವಲ್ಲ, ಪರಿಣಾಮದ ಆಳ.

ವಿಜ್ಞಾನದ ಇತಿಹಾಸದಲ್ಲಿ ಒಂದು ಸ್ವಾರಸ್ಯವಿದೆ. ಗ್ರಹಗಳ ಪರಿಭ್ರಮಣವನ್ನು ಕುರಿತು ಬರೆದ ಕೊಪರ್ನಿಕಸನ ಕೃತಿಯೇ ಮುಂದೆ ‘ಕೊಪರ್ನಿಕಸನ ಕ್ರಾಂತಿ’ ಎಂಬ ಹೆಸರನ್ನು ಪಡೆಯಿತು. ಥಾಮಸ್ ಕೂನನು ೧೯೫೭ರ ತನ್ನ ಗ್ರಂಥಕ್ಕೆ ಇದೇ ಹೆಸರನ್ನಿಟ್ಟು, ೧೯೬೨ರಲ್ಲಿ ವೈಜ್ಞಾನಿಕ ಕ್ರಾಂತಿಗಳ ರಚನೆಯನ್ನು ಕುರಿತು ಬರೆದನು. ಅವನ ಮತದಲ್ಲಿ ವೈಜ್ಞಾನಿಕ ಕ್ರಾಂತಿಯೆಂದರೆ ಹೊಸ ಸಂಗತಿಗಳ ಸೇರ್ಪಡೆ ಮಾತ್ರವಲ್ಲ, ಸಂಗತಿಗಳನ್ನು ನೋಡುವ ಚೌಕಟ್ಟೇ ಬದಲಾಗುವುದು.

ಬಣ್ಣಗಳ ಕ್ರಾಂತಿಗಳನ್ನು ಬೇಗನೆ ಹೇಳಿ ಮುಗಿಸಬಹುದು. ಅಧಿಕ ಇಳುವರಿಯ ತಳಿಗಳಿಂದ ಆದ ಬೆಳವಣಿಗೆಗೆ ೧೯೬೮ರಲ್ಲಿ ಅಮೆರಿಕದ ಅಧಿಕಾರಿ ವಿಲಿಯಂ ಗಾಡನು ‘ಹಸಿರು ಕ್ರಾಂತಿ’ ಎಂಬ ಹೆಸರನ್ನು ಕೊಟ್ಟುದು ರಷ್ಯದ ಕೆಂಪು ಕ್ರಾಂತಿಗೆ ಪ್ರತಿಯಾಗಿ. ಇರಾನಿನಲ್ಲಿ ೧೯೬೩ರಲ್ಲಿ ಷಾ ಘೋಷಿಸಿದ ಸುಧಾರಣೆಗಳು ‘ಶ್ವೇತ ಕ್ರಾಂತಿ’. ನಮ್ಮ ದೇಶದಲ್ಲಿ ೧೯೭೦ರಲ್ಲಿ ಆರಂಭವಾದ ಹಾಲಿನ ಯೋಜನೆಯ ಫಲವೂ ‘ಶ್ವೇತ ಕ್ರಾಂತಿ’ಯೇ. ಒಂದು ಅರಸನ ಯೋಜನೆ, ಇನ್ನೊಂದು ಹಾಲು ಉತ್ಪಾದಕರ ಸಹಕಾರ. ಕ್ರಾಂತಿಯನ್ನು ತಡೆಯುವುದಕ್ಕಾಗಿಯೇ ಕ್ರಾಂತಿಯ ಹೆಸರನ್ನು ಬಳಸುವ ಮಟ್ಟಕ್ಕೆ ಶಬ್ದವು ಬಂದಿತೆಂಬುದನ್ನು ಮೊದಲಿನ ಎರಡು ಉದಾಹರಣೆಗಳಲ್ಲಿ ಕಾಣಬಹುದು.

೫. ನೆರೆಹೊರೆಯ ಶಬ್ದಗಳು

ಒಂದು ಶಬ್ದದ ಅರ್ಥವು ಅದರ ನೆರೆಯ ಶಬ್ದಗಳಿಂದ ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ‘ಮ್ಯೂಟಿನಿ’ ಎಂದರೆ ಸೈನಿಕರು ಅಥವಾ ನಾವಿಕರು ಮೇಲಧಿಕಾರಿಗಳ ಆಜ್ಞೆಯನ್ನು ಮೀರಿ ನಿಲ್ಲುವುದು. ‘ರೆಬೆಲಿಯನ್’ ಶಬ್ದದ ಲ್ಯಾಟಿನ್ ಮೂಲಕ್ಕೆ, ಸೋತವರು ಮತ್ತೆ ಯುದ್ಧಕ್ಕೆ ಏಳುವುದೆಂಬ ಅರ್ಥ. ಪ್ರಭುತ್ವವು ನ್ಯಾಯವಾದುದು, ಎದ್ದವರು ತಪ್ಪಿತಸ್ಥರು ಎಂಬ ಭಾವನೆಯನ್ನು ಅದು ಒಳಗಿಟ್ಟುಕೊಂಡಿರುತ್ತದೆ. ‘ಇನ್‌ಸರೆಕ್ಷನ್’ ಎಂದರೆ ಎದ್ದು ನಿಲ್ಲುವುದು. ಫ್ರೆಂಚಿನಿಂದ ಬಂದ ‘ಕೂ ದೆತಾ’ ಎಂದರೆ ಅಧಿಕಾರದ ಒಳಗಿರುವವರೇ ಒಂದೇ ಪೆಟ್ಟಿಗೆ ಸರ್ಕಾರವನ್ನು ಕಸಿದುಕೊಳ್ಳುವುದು. ೧೭೯೯ರ ನವೆಂಬರ್ ೯ರಂದು ನೆಪೋಲಿಯನ್ನನು ಮಾಡಿದುದು ಅದು. ಇವುಗಳಲ್ಲಿ ‘ರೆವಲ್ಯೂಷನ್’ ಒಂದಕ್ಕೆ ಮಾತ್ರ ಗೆಲವಿನ ವಾಸನೆಯುಂಟು. ಗೆದ್ದದ್ದು ಕ್ರಾಂತಿ, ಸೋತದ್ದು ದಂಗೆ ಎಂಬ ವ್ಯವಹಾರವು ನ್ಯಾಯವಲ್ಲದಿದ್ದರೂ ಸಾಮಾನ್ಯವಾಗಿ ನಡೆದುಬಂದಿದೆ.

೧೮೫೭ರ ವಿಷಯದಲ್ಲಿ ಈ ಶಬ್ದಗಳ ಜಗಳವು ನಮ್ಮೆಲ್ಲರಿಗೂ ಪರಿಚಿತ. ಯುದ್ಧವು ಇನ್ನೂ ನಡೆಯುತ್ತಿದ್ದ ಜುಲೈ ತಿಂಗಳಿನಲ್ಲಿಯೇ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಡಿಸ್ರೇಲಿಯು, ಇದು ಸೈನಿಕರ ‘ಮ್ಯೂಟಿನಿ’ಯೇ ಅಥವಾ ರಾಷ್ಟ್ರದ ‘ರಿವೋಲ್ಟ್’ ಆಗಿದೆಯೇ ಎಂಬ ಪ್ರಶ್ನೆಯನ್ನೆತ್ತಿದನು. ಅದು ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ. ಮೊದಲನೆಯದಾದರೆ ಶಿಕ್ಷೆ ಸಾಕು. ಎರಡನೆಯದಾದರೆ ಆಡಳಿತದ ನೀತಿಯನ್ನೇ ಪರೀಕ್ಷಿಸಬೇಕಾಗುತ್ತದೆ. ಸಾವರ್ಕರರು ೧೯೦೯ರಲ್ಲಿ ಅದನ್ನು ಸ್ವಾತಂತ್ರ್ಯ ಸಮರವೆಂದು ಕರೆದರು. ಶತಮಾನೋತ್ಸವದ ವರ್ಷವಾದ ೧೯೫೭ರಲ್ಲಿ ಪ್ರಕಟವಾದ ಮೂರು ಗ್ರಂಥಗಳ ಹೆಸರುಗಳನ್ನು ನೋಡಿದರೆ ಸಾಕು: ಆರ್. ಸಿ. ಮಜುಂದಾರರು ‘ಮ್ಯೂಟಿನಿ’ ಮತ್ತು ‘ರಿವೋಲ್ಟ್’ ಎಂಬ ಎರಡು ಶಬ್ದಗಳನ್ನೂ ಸೇರಿಸಿದರು, ಎಸ್. ಬಿ. ಚೌಧುರಿಯವರು ಸೈನಿಕರದಲ್ಲದ ಜನತೆಯ ‘ರೆಬೆಲಿಯನ್’ ಅನ್ನು ಎತ್ತಿ ಹಿಡಿದರು, ಎಸ್. ಎನ್. ಸೇನರು ಯಾವ ಶಬ್ದವೂ ಬೇಡವೆಂದು ಇಸವಿಯನ್ನೇ ಹೆಸರಾಗಿಟ್ಟರು.

೬. ನಮ್ಮ ಶಬ್ದಗಳು

ಈಗ ಕನ್ನಡಕ್ಕೆ ಬರೋಣ. ‘ಕ್ರಾಂತಿ’ ಶಬ್ದವು ‘ಕ್ರಮ್’ ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಹೆಜ್ಜೆಯಿಡು, ದಾಟು ಎಂಬುದು ಅದರ ಅರ್ಥ. ವಿಕ್ರಮ, ಪರಾಕ್ರಮ, ಆಕ್ರಮಣ, ಅತಿಕ್ರಮ ಇವೆಲ್ಲ ಒಂದೇ ಮನೆಯವು. ಆದರೆ ಶಾಸ್ತ್ರಗ್ರಂಥಗಳಲ್ಲಿ ‘ಕ್ರಾಂತಿ’ಯು ಮುಖ್ಯವಾಗಿ ಜ್ಯೋತಿಷದ ಶಬ್ದ. ಸೂರ್ಯನು ವಿಷುವದ್ರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವ ದೂರವು ಕ್ರಾಂತಿ. ಅವನ ವಾರ್ಷಿಕ ಪಥವು ಕ್ರಾಂತಿವೃತ್ತ. ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿ. ಎಳ್ಳುಬೆಲ್ಲವನ್ನು ಹಂಚುವ ಹಬ್ಬದ ಹೆಸರಿನಲ್ಲಿಯೂ ರಾಜ್ಯವನ್ನು ಕೆಡವುವ ಹೋರಾಟದ ಹೆಸರಿನಲ್ಲಿಯೂ ಒಂದೇ ಶಬ್ದವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಘಟನೆಗಳನ್ನು ಕುರಿತು ಪಿ. ಲಂಕೇಶರು ೧೯೭೧ರಲ್ಲಿ ಪ್ರಕಟಿಸಿದ ನಾಟಕಕ್ಕೆ ‘ಸಂಕ್ರಾಂತಿ’ ಎಂದು ಹೆಸರಿಟ್ಟುದು ಈ ಎರಡೂ ಅರ್ಥಗಳನ್ನು ಒಟ್ಟಿಗೆ ಧ್ವನಿಸುತ್ತದೆ.

ಇನ್ನೂ ಎರಡು ಭಾಷೆಗಳನ್ನು ನೋಡಿದರೆ ವಿಸ್ಮಯವಾಗುತ್ತದೆ. ‘ಇಂಕಿಲಾಬ್’ ಅರಬ್ಬೀ ಮೂಲದ ಶಬ್ದ; ತಿರುಗುವುದು, ಮಗುಚುವುದು ಎಂಬರ್ಥ. ಸೂರ್ಯನು ಉತ್ತರಾಯಣದಿಂದ ದಕ್ಷಿಣಾಯನಕ್ಕೆ ತಿರುಗುವ ಸಂಧಿಗೂ ಅರಬ್ಬಿಯಲ್ಲಿ ಅದೇ ಹೆಸರು. ಪಾರಸಿ ಮತ್ತು ಉರ್ದುಗಳಲ್ಲಿ ಅದು ಕ್ರಾಂತಿ. ಇಂದಿನ ಅರಬ್ಬಿಯಲ್ಲಾದರೋ ಅದು ಸೇನಾಧಿಕಾರಿಗಳ ಕ್ಷಿಪ್ರಾಕ್ರಮಣ, ಜನತೆಯ ಕ್ರಾಂತಿಗೆ ‘ಥವ್ರಾ’ ಎಂಬ ಬೇರೆ ಶಬ್ದವುಂಟು. ಚೀನೀ ಭಾಷೆಯ ‘ಗೆಮಿಂಗ್’ ಎಂಬುದಕ್ಕೆ ದೈವದ ಅಪ್ಪಣೆಯನ್ನು ಹಿಂತೆಗೆಯುವುದೆಂದು ಅರ್ಥ. ಆಕಾಶವು ಒಂದು ರಾಜವಂಶಕ್ಕೆ ಕೊಟ್ಟ ಆಜ್ಞೆಯು ರದ್ದಾಗಿ ಇನ್ನೊಂದಕ್ಕೆ ಸಲ್ಲುವುದು. ನಾಲ್ಕು ಭಾಷೆಗಳಲ್ಲಿಯೂ ಅರಸೊತ್ತಿಗೆಯ ಪತನವನ್ನು ಹೇಳುವ ಶಬ್ದವು ಆಕಾಶದೊಡನೆ ನಂಟುಳ್ಳದ್ದು. ಪ್ರಭುತ್ವವು ಮನುಷ್ಯನಿಂದ ಬದಲಾಗುವ ವಸ್ತುವಲ್ಲ, ಮೇಲಿನ ಗತಿಯಿಂದ ಬದಲಾಗತಕ್ಕುದು ಎಂಬ ಬಹುಕಾಲದ ಭಾವನೆಯೇ ಇದಕ್ಕೆ ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ.

ನೆಲದ ಮೇಲಿನ ಶಬ್ದಗಳು ಬೇರೆಯೇ ಇವೆ: ದಂಗೆ, ಬಂಡಾಯ, ಗಲಭೆ, ಕೂಟ, ಕಾಟಕಾಯಿ. ಇವು ಜನರು ಕಂಡು ಅನುಭವಿಸಿದ ಸಂಗತಿಗಳಿಗೆ ಇಟ್ಟ ಹೆಸರುಗಳು. ೧೮೩೦-೩೧ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕಂದಾಯದ ಭಾರವನ್ನು ತಾಳಲಾರದೆ ಕೂಟಗಳನ್ನು ಕಟ್ಟಿದರು. ಬ್ರಿಟಿಷರ ಲೇಖನಿಯಲ್ಲಿ ಅದು ‘ಇನ್‌ಸರೆಕ್ಷನ್’ ಆಯಿತು. ದಂಗೆಯೆದ್ದಿತೆಂಬುದನ್ನೇ ದುರಾಡಳಿತಕ್ಕೆ ಸಾಕ್ಷ್ಯವಾಗಿ ಹಿಡಿದು ೧೮೩೧ರಲ್ಲಿ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಅದು ಒಡೆಯರ ಮನೆತನಕ್ಕೆ ಹಿಂದಿರುಗಿದುದು ೧೮೮೧ರಲ್ಲಿ. ರೈತರ ಸಂಕಟವನ್ನು ಹೇಳಬೇಕಾಗಿದ್ದ ಹೆಸರು ಅರಸನ ಮೇಲಿನ ಆರೋಪಪಟ್ಟಿಯಾಗಿ ಪರಿಣಮಿಸಿತು.

ಸುಳ್ಯದ ಘಟನೆ ೧೮೩೭ರದು. ೧೮೩೪ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕುಂಪಣಿಯು ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಹಣದ ಚಲಾವಣೆ ವಿರಳವಾಗಿದ್ದ ನಾಡಿನಲ್ಲಿ ಇದು ರೈತನ ಕುತ್ತಿಗೆಗೆ ಬಂದಿತು. ಕಲ್ಯಾಣಸ್ವಾಮಿ ಎಂಬವನ ಹೆಸರಿನಲ್ಲಿ ಒಂದುಗೂಡಿದ ಜನರು ಏಪ್ರಿಲ್ ತಿಂಗಳಿನಲ್ಲಿ ಮಂಗಳೂರನ್ನು ಹಿಡಿದು ಕೆಲವು ದಿನ ತಮ್ಮ ವಶದಲ್ಲಿಟ್ಟುಕೊಂಡರು. ಕುಂಪಣಿಯ ಹೆಚ್ಚಿನ ಸೈನ್ಯ ಬ೦ದ ಮೇಲೆ ಸೋತರು, ಮುಖಂಡರಿಗೆ ಗಲ್ಲಾಯಿತು. ಆ ಸೀಮೆಯಲ್ಲಿ ಇದಕ್ಕೆ ಉಳಿದುಬಂದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿಯೆಂದರೆ ಸುಲಿಗೆ, ದರೋಡೆ. ಈಚೆಗೆ ಅದನ್ನು ‘ಅಮರ ಸುಳ್ಯದ ಸ್ವಾತಂತ್ರ್ಯ ಸಮರ’ವೆಂದೂ ‘ರೈತ ಕ್ರಾಂತಿ’ಯೆಂದೂ ಕರೆಯಲಾಗುತ್ತಿದೆ.

೭. ಉಪಸಂಹಾರ

ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರಿಸಬಹುದು. ೧೬೮೮ರ ಘಟನೆಯು ‘ರೆವಲ್ಯೂಷನ್’ ಎನಿಸಿಕೊಂಡುದು ಅದು ನಾವು ಇಂದು ತಿಳಿಯುವ ಕ್ರಾಂತಿಯಾಗಿದ್ದುದರಿಂದಲ್ಲ. ಆ ಕಾಲದಲ್ಲಿ ಶಬ್ದಕ್ಕೆ ಮರಳುವಿಕೆ, ಗದ್ದುಗೆಯ ಪಲ್ಲಟ ಎಂಬ ಅರ್ಥಗಳಿದ್ದುದರಿಂದ. ಅದನ್ನು ನಡೆಸಿದವರು ಗೆದ್ದರು, ಹೆಸರಿಡುವ ಅಧಿಕಾರವೂ ಅವರದಾಯಿತು. ಸುಳ್ಯದ ರೈತರು ಸೋತರು. ಅವರ ಕಾರ್ಯಕ್ಕೆ ಹೆಸರಿಡುವ ಅವಕಾಶ ಅವರಿಗೆ ಸಿಕ್ಕಲಿಲ್ಲ. ಹಾಗೆಂದು ‘ಕಾಟಕಾಯಿ’ಯನ್ನು ಅಳಿಸಿ ‘ಕ್ರಾಂತಿ’ಯೆಂದು ಬರೆದರೆ ನ್ಯಾಯ ದೊರೆತಂತಾಗುವುದಿಲ್ಲ. ಆ ಶಬ್ದವೇ ಒಂದು ದಾಖಲೆ. ಸೋತ ಮೇಲೆ ಬದುಕಿ ಉಳಿಯಬೇಕಾಗಿದ್ದ ಜನರು ಆಳುವವರ ಮಾತನ್ನೇ ತಮ್ಮ ಬಾಯಲ್ಲಿ ಇಟ್ಟುಕೊಂಡರೇ, ಅಥವಾ ದಂಡು ಹಾದುಹೋದ ಊರುಗಳವರು ತಾವು ಕಂಡುದನ್ನೇ ಹೇಳಿದರೇ ಎಂಬುದನ್ನು ವಿಚಾರಿಸುವುದಕ್ಕೆ ಅದೊಂದು ಬಾಗಿಲು. ಬಾಗಿಲನ್ನು ಮುಚ್ಚಿ ಅದರ ಮೇಲೆ ಹೊಸ ಫಲಕವನ್ನು ಬರೆಯುವುದು ಇತಿಹಾಸಕಾರನ ಕೆಲಸವಲ್ಲ.

ಅಧ್ಯಾಪಕ ಮಿತ್ರರ ಮುಂದೆ ಮೂರು ಸೂಚನೆಗಳನ್ನು ಇಡಬಯಸುತ್ತೇವೆ. ಒಂದು: ೧೭೮೯ಕ್ಕಿಂತ ಹಿಂದಿನ ಬರಹಗಳಲ್ಲಿ ‘ರೆವಲ್ಯೂಷನ್’ ಶಬ್ದವು ಬಂದಾಗ ಸಂದರ್ಭವನ್ನು ನೋಡಿ ‘ಪರಿಭ್ರಮಣ’, ‘ಪಲ್ಲಟ’, ‘ರಾಜ್ಯಪರಿವರ್ತನೆ’ ಎಂದು ಅನುವಾದಿಸಬೇಕು, ಕಣ್ಣು ಮುಚ್ಚಿ ‘ಕ್ರಾಂತಿ’ಯೆಂದು ಬರೆಯಬಾರದು. ಎರಡು: ಯಾವುದೇ ಘಟನೆಯನ್ನು ಬೋಧಿಸುವಾಗ ಅದರ ಹೆಸರುಗಳನ್ನೂ ಬೋಧಿಸಬೇಕು, ಯಾರು, ಯಾವಾಗ, ಯಾವ ಉದ್ದೇಶದಿಂದ ಆ ಹೆಸರನ್ನಿಟ್ಟರೆಂಬುದು ಘಟನೆಯ ಇತಿಹಾಸದ ಒಂದು ಭಾಗವೇ. ಮೂರು: ಊರಿನವರ ಬಾಯಲ್ಲಿ ಉಳಿದಿರುವ ಹೆಸರುಗಳನ್ನು ಬರೆದಿಟ್ಟುಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು. ಮನೆಯಲ್ಲಿ ಅಜ್ಜ ಹೇಳಿದ ಒಂದು ಶಬ್ದವನ್ನು ತರಗತಿಗೆ ತಂದ ಆ ಹುಡುಗನು, ನಾವು ಹಲವು ವರ್ಷ ಯೋಚಿಸದೆ ಬಳಸುತ್ತಿದ್ದ ಇನ್ನೊಂದು ಶಬ್ದವನ್ನು ಪರೀಕ್ಷಿಸುವಂತೆ ಮಾಡಿದನು. ಆ ಉಪಕಾರವನ್ನು ಇಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯ.